ಸಂಶಯದ ನದಿಯಲ್ಲಿ ರೂಸ್ವೆಲ್ಟ್

ಟೆಡ್ಡಿ ಬೇರ್ ಗೊಂಬೆಗೆ ಆ ಹೆಸರು ಬಂದಿದ್ದು ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಅವರಿಂದ ಅನ್ನೋದು ಕ್ವಿಜ್‌ಗೆ ಹೋಗುವವರಿಗೆಲ್ಲ ಗೊತ್ತು. 1902ರಲ್ಲಿ ಬೇಟೆಗೆ ಹೋದಾಗ, ಬೇರೆಯವರು ಮರಕ್ಕೆ ಕಟ್ಟಿಹಾಕಿದ್ದ ಕರಡಿಯನ್ನು ನಾನು ಹೊಡೆಯಲ್ಲ ಅಂತ ಹಟ ಹಿಡಿದರು. ಪತ್ರಿಕೆಯಲ್ಲಿ ಕಾರ್ಟೂನ್ ಬಂತು, ಹಿಂದೆಯೇ ಗೊಂಬೆ ಬಂತು. ಮೌಂಟ್ ರಷ್ಮೋರ್ ಬೆಟ್ಟದಲ್ಲಿ ಕೆತ್ತಿರುವ ನಾಲ್ಕು ಮುಖಗಳಲ್ಲಿ ಕನ್ನಡಕ ಇರೋದು ಇವರದ್ದಕ್ಕೇ. ಆದರೆ ಇದೇ ಮನುಷ್ಯ ಅಧಿಕಾರ ಬಿಟ್ಟು ಐದು ವರ್ಷ ಆದ ಮೇಲೆ, ಬ್ರೆಜಿಲ್‌ನ ಮಳೆಕಾಡಿನಲ್ಲಿ, ಆವರೆಗೆ ಯಾವ ನಕ್ಷೆಯಲ್ಲೂ ಸರಿಯಾಗಿ ಇಲ್ಲದ ಒಂದು ನದಿಯ ದಡದಲ್ಲಿ ಜ್ವರದಿಂದ ಮಲಗಿ, ನನ್ನನ್ನು ಇಲ್ಲೇ ಬಿಟ್ಟು ನೀವೆಲ್ಲ ಹೊರಡಿ ಅಂತ ಹೇಳಿದ್ದರು ಅನ್ನೋದು ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತಮಾಷೆ ಅಂದ್ರೆ, ಅವರು ಹೊರಟಿದ್ದು ಒಂದು ರೀತಿಯ ರಜೆಗೆ.

ಈ ಬರಹದಲ್ಲಿ ಅವರ ರಾಜಕೀಯವನ್ನು ನಾವು ಹೆಚ್ಚು ಮುಟ್ಟಲ್ಲ. ಟ್ರೆಕ್‌ಗೆ ಹೋಗೋ ಹಿಂದಿನ ರಾತ್ರಿ ಬ್ಯಾಗ್ ತುಂಬುವ ನಮ್ಮಂಥವರಿಗೆ ಆ ನದಿಯ ಎರಡು ತಿಂಗಳೇ ಸಾಕು.

ರೂಸ್ವೆಲ್ಟ್ ಹುಟ್ಟಿದ್ದು 1858ರ ಅಕ್ಟೋಬರ್ 27ರಂದು, ನ್ಯೂಯಾರ್ಕಿನ ಶ್ರೀಮಂತ ಮನೆಯಲ್ಲಿ. ಚಿಕ್ಕಂದಿನಲ್ಲಿ ಆಸ್ತಮಾ. ರಾತ್ರಿ ಉಸಿರು ಸಿಗದೆ ಎದ್ದು ಕೂರುತ್ತಿದ್ದ ಹುಡುಗ. ಅಪ್ಪ ಒತ್ತಾಯ ಮಾಡಿ ವ್ಯಾಯಾಮಕ್ಕೆ ಹಚ್ಚಿದರು, ಅಲ್ಲಿಂದ ಮೈಯನ್ನು ದಂಡಿಸೋದು ಅವರಿಗೆ ಜೀವನಪೂರ್ತಿ ಚಟವೇ ಆಗಿಹೋಯ್ತು. 1884ರಲ್ಲಿ ಒಂದೇ ದಿನ, ಒಂದೇ ಮನೆಯಲ್ಲಿ ತಾಯಿ ಮತ್ತು ಹೆಂಡತಿ ಇಬ್ಬರೂ ತೀರಿಕೊಂಡಾಗ ಅವರು ಮಾಡಿದ್ದು ಡಕೋಟಾದ ಬಯಲಿಗೆ ಹೋಗಿ ದನ ಕಾಯೋರ ಜೊತೆ ಕುದುರೆ ಓಡಿಸಿದ್ದು. ದುಃಖ ಬಂದಾಗಲೆಲ್ಲ ಮೈ ನೋಯುವಂಥ ಜಾಗಕ್ಕೆ ಹೋಗಿಬಿಡೋದು ಅವರ ಅಭ್ಯಾಸ. ಮುಂದೆ ಕ್ಯೂಬಾ ಯುದ್ಧ, 1901ರಿಂದ 1909ರವರೆಗೆ ಅಧ್ಯಕ್ಷ ಪದವಿ, ನಂತರ ಆಫ್ರಿಕಾದ ಬೇಟೆ. ಕ್ಯೂಬಾದಿಂದ ಮಲೇರಿಯಾ ಮೈಯಲ್ಲಿ ಅಂಟಿಸಿಕೊಂಡೇ ಬಂದಿದ್ದರು, ಇದನ್ನು ನೆನಪಿಟ್ಟುಕೊಳ್ಳಿ.

1912ರಲ್ಲಿ ಮತ್ತೆ ಚುನಾವಣೆಗೆ ನಿಂತರು. ಪ್ರಚಾರದಲ್ಲಿದ್ದಾಗ ಮಿಲ್ವಾಕಿಯಲ್ಲಿ ಒಬ್ಬ ಎದೆಗೆ ಗುಂಡು ಹೊಡೆದ. ಜೇಬಿನಲ್ಲಿದ್ದ ಭಾಷಣದ ದಪ್ಪ ಕಾಗದ, ಕನ್ನಡಕದ ಡಬ್ಬಿ ಸೇರಿ ಜೀವ ಉಳಿಸಿದವು. ಆ ಗುಂಡು ಮಾತ್ರ ಕೊನೆಯವರೆಗೂ ಎದೆಯಲ್ಲೇ ಇತ್ತು. ಚುನಾವಣೆ ಸೋತರು. ಹಳೇ ಸ್ನೇಹಿತರು ಮಾತು ಬಿಟ್ಟರು. ಅದೇ ಹೊತ್ತಿಗೆ ದಕ್ಷಿಣ ಅಮೆರಿಕದಿಂದ ಉಪನ್ಯಾಸಕ್ಕೆ ಕರೆ ಬಂತು, ಹಳೇ ಅಭ್ಯಾಸ ಎದ್ದು ಕೂತಿತು.

ಇಲ್ಲಿಂದ ಪ್ಲಾನಿಂಗ್ ಶುರು. ಜಾನ್ ಝಾಮ್ ಅನ್ನುವ ಪಾದ್ರಿ ಸ್ನೇಹಿತರು ಒಂದು ದಾರಿ ಹಾಕಿಕೊಟ್ಟರು: ಪರಾಗ್ವೆ ನದಿಯಲ್ಲಿ ಮೇಲೆ ಹೋಗಿ, ನೆಲದ ಮೇಲೆ ದಾಟಿ, ಟಪಜೋಸ್ ನದಿಯಲ್ಲಿ ಇಳಿದು ಅಮೆಜಾನ್ ಸೇರೋದು. ಜನ ಓಡಾಡಿದ್ದ ಗೊತ್ತಿರುವ ದಾರಿ. ಪ್ರಾಣಿ ಪಕ್ಷಿ ನೋಡಬಹುದು, ನ್ಯೂಯಾರ್ಕ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಮಾದರಿ ತರಬಹುದು. ರೂಸ್ವೆಲ್ಟ್ ಸಾಮಾನಿನ ವಿಚಾರಕ್ಕೆ ತಲೆನೇ ಹಾಕಲಿಲ್ಲ. ಝಾಮ್ ಆ ಕೆಲಸವನ್ನು ಆಂಟನಿ ಫಿಯಾಲಾ ಅನ್ನುವವರಿಗೆ ವಹಿಸಿದರು. ಫಿಯಾಲಾ ಆಗ ಆಟದ ಸಾಮಾನು ಮಾರುವ ಅಂಗಡಿಯಲ್ಲಿದ್ದರು, ಅದಕ್ಕೆ ಮುಂಚೆ ಉತ್ತರ ಧ್ರುವಕ್ಕೆ ಹೊರಟು, ಹಡಗು ಹಿಮದಲ್ಲಿ ಪುಡಿಯಾಗಿ, ಎರಡು ವರ್ಷ ಸಿಕ್ಕಿಕೊಂಡಿದ್ದ ತಂಡದ ನಾಯಕರು. ಹಿಮದ ಅನುಭವ ಇರುವವರು ಮಳೆಕಾಡಿಗೆ ಲಿಸ್ಟ್ ಮಾಡಿದರು. ನಮಗೆ ಫಿಯಾಲಾ ಮೇಲೆ ಕೋಪ ಇಲ್ಲ. ದಿನಕ್ಕೊಂದು ತಗಡಿನ ಡಬ್ಬಿಯಂತೆ, ನೀರಿಗೆ ಬಿದ್ದರೂ ಕೆಡದ ಹಾಗೆ ಅವರು ಪ್ಯಾಕ್ ಮಾಡಿದ್ದ ಊಟ ನಿಜಕ್ಕೂ ಒಳ್ಳೇ ಕೆಲಸವೇ. ಆದರೆ ಆ ಲಿಸ್ಟ್ ಆಗಿದ್ದು ಟಪಜೋಸ್ ನದಿಗೆ.

1913ರ ಅಕ್ಟೋಬರ್ 4ರಂದು ಹಡಗು ಹತ್ತಿದರು. ಬ್ರೆಜಿಲ್ ಮುಟ್ಟಿದಾಗ ಅಲ್ಲಿನ ವಿದೇಶಾಂಗ ಮಂತ್ರಿ ಲಾರೋ ಮುಲ್ಲರ್ ಬೇರೆ ಆಸೆ ತೋರಿಸಿದರು. ದೇಶದ ಪಶ್ಚಿಮದಲ್ಲಿ ರಿಯೊ ದ ದುವಿದಾ ಅಂತ ಒಂದು ನದಿ ಇದೆ, ಸಂಶಯದ ನದಿ ಅಂತ ಅರ್ಥ. ಹುಟ್ಟುವ ಜಾಗ ಗೊತ್ತು, ಎಲ್ಲಿ ಹೋಗಿ ಸೇರುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. ಹೋಗ್ತೀರಾ? ಎಂಥವರಿಗೆ ಕೇಳಿದರು ನೋಡಿ! ರೂಸ್ವೆಲ್ಟ್ ತಕ್ಷಣ ಒಪ್ಪಿಬಿಟ್ಟರು. ಸುದ್ದಿ ನ್ಯೂಯಾರ್ಕಿಗೆ ಮುಟ್ಟಿದಾಗ ಮ್ಯೂಸಿಯಮ್ಮಿನ ಅಧ್ಯಕ್ಷರು ಹೌಹಾರಿ ಬೇಡ ಅಂತ ತಿಳಿಸಿದರು. ಕೇಳಲಿಲ್ಲ. ಮಗನ ಹಾಗೇ ಗಂಡನೂ ಹಟಮಾರಿ ಅಂತ ಗೊತ್ತಿದ್ದ ಹೆಂಡತಿ ಈಡಿತ್‌ಗೆ ಉಳಿದ ಧೈರ್ಯ ಒಂದೇ, ಮಗ ಕೆರ್ಮಿಟ್. ಅವನು ಆಗ ಬ್ರೆಜಿಲ್‌ನಲ್ಲೇ ಸೇತುವೆ ಕಟ್ಟುವ ಕೆಲಸದಲ್ಲಿದ್ದ, 24 ವರ್ಷ, ಮದುವೆ ನಿಶ್ಚಯವಾಗಿತ್ತು. ಮದುವೆ ಮುಂದಕ್ಕೆ ಹಾಕಿ ಅಪ್ಪನ ಜೊತೆ ಹೊರಟ.

ದಾರಿ ಬದಲಾಯ್ತು, ಲಿಸ್ಟ್ ಬದಲಾಗಲಿಲ್ಲ. ಮುಂದಿನ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಈ ಒಂದು ವಿಷಯದಿಂದ ಅಂತ ನಮ್ಮ ಲೆಕ್ಕ.

ಬ್ರೆಜಿಲ್ ಸರ್ಕಾರ ಜೊತೆಗೆ ಕೊಟ್ಟಿದ್ದು ಕರ್ನಲ್ ಕ್ಯಾಂಡಿಡೊ ರೊಂಡೊನ್ ಅವರನ್ನು. ಈ ಕಥೆಯ ನಿಜವಾದ ಹೀರೋ ಇವರೇ ಅನ್ನೋದು ನಮ್ಮ ತಂಡದಲ್ಲಿ ಮೂರಕ್ಕೆ ಎರಡು ಮತ. ಮಾತೊ ಗ್ರೊಸೊ ಪ್ರಾಂತ್ಯದಲ್ಲಿ 1865ರಲ್ಲಿ ಹುಟ್ಟಿದವರು, ಆದಿವಾಸಿ ರಕ್ತ ಮೈಯಲ್ಲಿದ್ದವರು, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವರು. ಸೈನ್ಯದ ಎಂಜಿನಿಯರ್ ಆಗಿ ವರ್ಷಗಟ್ಟಲೆ ಕಾಡಿನಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ್ದರು. ಆ ನದಿಯ ಮೂಲವನ್ನು 1909ರಲ್ಲಿ ಕಂಡು ಸಂಶಯದ ನದಿ ಅಂತ ಹೆಸರಿಟ್ಟಿದ್ದೂ ಅವರೇ. ಅವರ ತಂಡಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು: ಆದಿವಾಸಿಗಳು ಬಾಣ ಬಿಟ್ಟರೂ, ನಮ್ಮವರು ಸತ್ತರೂ, ತಿರುಗಿ ಗುಂಡು ಹಾರಿಸುವ ಹಾಗಿಲ್ಲ.

1914ರ ಜನವರಿಯಲ್ಲಿ ನೆಲದ ಪ್ರಯಾಣ ಶುರುವಾಯ್ತು. ಹೇಸರಗತ್ತೆ, ಎತ್ತುಗಳ ಮೇಲೆ ಬೆಟ್ಟದಷ್ಟು ಸಾಮಾನು. ತಿಂಗಳಿಗೂ ಹೆಚ್ಚು ನಡಿಗೆ, ಮಳೆ. ಪ್ರಾಣಿಗಳು ಒಂದೊಂದೇ ಸುಸ್ತಾಗಿ ಬಿದ್ದವು. ಎತ್ತುಗಳು ಹೊರೆ ಕೊಡವಿ ಓಡಿದವು. ದಾರಿಯುದ್ದಕ್ಕೂ ಪೆಟ್ಟಿಗೆಗಳನ್ನು ಬಿಡುತ್ತಾ ಬಂದರು. ಬಿಚ್ಚಿ ನೋಡಿದರೆ ಕೆಲವು ಪೆಟ್ಟಿಗೆಗಳಲ್ಲಿ ಆಲಿವ್ ಎಣ್ಣೆ, ಸಾಸಿವೆ ಪೇಸ್ಟ್ ಥರದ ಸಾಮಾನು. ತೂಕ ಕಮ್ಮಿ ಇದ್ದ ಕೆನಡಾದ ದೋಣಿಗಳು ನದಿಯವರೆಗೂ ಬರಲೇ ಇಲ್ಲ. ಮಧ್ಯೆ ಪಾದ್ರಿ ಝಾಮ್ ತಮ್ಮನ್ನು ಆದಿವಾಸಿಗಳು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಲಿ ಅಂತ ಸೂಚಿಸಿದರು. ರೂಸ್ವೆಲ್ಟ್‌ಗೆ ಅದು ಸ್ವಲ್ಪವೂ ಸರಿ ಬರಲಿಲ್ಲ, ಅವರನ್ನು ವಾಪಸ್ ಕಳಿಸಿದರು. ಫಿಯಾಲಾ ಅವರನ್ನೂ ಬೇರೆ ನದಿಯ ದಾರಿಗೆ ಕಳಿಸಿದರು. ಅಂದ್ರೆ ದಾರಿ ಹಾಕಿದವರು ಒಬ್ಬರು, ಬ್ಯಾಗ್ ತುಂಬಿದವರು ಇನ್ನೊಬ್ಬರು, ಇಬ್ಬರೂ ಆ ನದಿಗೆ ಇಳಿಯಲೇ ಇಲ್ಲ!

ಫೆಬ್ರವರಿ 27ರಂದು ಒಂದು ಒರಟು ಮರದ ಸೇತುವೆ ಹತ್ತಿರದಿಂದ ನೀರಿಗಿಳಿದರು. ಒಟ್ಟು 22 ಜನ. ರೂಸ್ವೆಲ್ಟ್, ಕೆರ್ಮಿಟ್, ರೊಂಡೊನ್, ಅವರ ಸಹಾಯಕ ಲೆಫ್ಟಿನೆಂಟ್ ಲೀರಾ, ಡಾಕ್ಟರ್ ಕಜಜೇರಾ, ಪಕ್ಷಿತಜ್ಞ ಜಾರ್ಜ್ ಚೆರಿ, ಮತ್ತು ಹುಟ್ಟು ಹಾಕಲು, ಹೊರೆ ಹೊರಲು 16 ಜನ ಕಮರಾದಾಗಳು. ಅಲ್ಲಿ ಕೂಲಿ ಆಳುಗಳಿಗೆ ಹಾಗೆ ಕರೀತಾರೆ. ದೋಣಿಗಳು 7, ಎಲ್ಲ ಇಡೀ ಮರ ಕೊರೆದು ಮಾಡಿದವು. ಅದರಲ್ಲಿ ಒಂದು ತೀರಾ ಚಿಕ್ಕದು, ಒಂದು ಅಲ್ಲಾಡುತ್ತಿತ್ತು, ಎರಡು ಹಳೇವು, ನೀರು ಕುಡಿದು ಸೋರುತ್ತಿದ್ದವು. ಸರಿಯಾಗಿದ್ದದ್ದು 3. ಹೊರೆ ಹೆಚ್ಚಾಗಿ ದೋಣಿಯ ಅಂಚು ನೀರಿನ ಮಟ್ಟಕ್ಕೇ ಬಂದಾಗ ಬುರಿಟಿ ತಾಳೆಯ ದಂಟುಗಳನ್ನು ಕಂತೆ ಮಾಡಿ ಎರಡೂ ಪಕ್ಕಕ್ಕೆ ಕಟ್ಟಿದರು. ಫ್ಲೂಯಿಡ್ ಮೆಕಾನಿಕ್ಸ್‌ನಲ್ಲಿ ತೇಲುವಿಕೆಯ ಲೆಕ್ಕ ಮಾಡಿದವರಿಗೆ ಇದು ಖುಷಿ ಕೊಡಬಹುದು. ಊಟ 50 ದಿನಕ್ಕೆ, ಅದೂ ಹೊಟ್ಟೆ ತುಂಬ ಅಲ್ಲ.

ಮೊದಲ ಜಗಳ ಸರ್ವೇ ಬಗ್ಗೆ. ರೊಂಡೊನ್‌ಗೆ ನದಿಯ ಒಂದೊಂದು ತಿರುವೂ ನಕ್ಷೆಗೆ ಬರಬೇಕು. ಕೆರ್ಮಿಟ್ ಮುಂದಿನ ದೋಣಿಯಲ್ಲಿ ಹೋಗಿ, ದೂರಕ್ಕೆ ಕಾಣುವ ದಡದಲ್ಲಿ ಇಳಿದು, ಗಿಡ ಕಡಿದು, ಕೋಲು ನಿಲ್ಲಿಸಬೇಕು. ಹಿಂದಿನ ದೋಣಿಯಿಂದ ಲೀರಾ ದೂರ ಅಳೀತಾರೆ, ರೊಂಡೊನ್ ದಿಕ್ಸೂಚಿ ನೋಡಿ ಬರ್ಕೊಳ್ತಾರೆ. ನದಿಯೋ ಹಾವಿನ ಹಾಗೆ. ಮೊದಲ ದಿನ ಕೆರ್ಮಿಟ್ ಹತ್ತಿರ ಹತ್ತಿರ 100 ಸಲ ಇಳಿದು ಹತ್ತಿದ, ಸಾಗಿದ್ದು ಸುಮಾರು 9 ಕಿಲೋಮೀಟರ್. ಸರ್ವೇಯಿಂಗ್ ಲ್ಯಾಬ್‌ನಲ್ಲಿ ಬಿಸಿಲಲ್ಲಿ ರೇಂಜಿಂಗ್ ರಾಡ್ ಹಿಡಿದು ನಿಂತವರಿಗೆ ಕೆರ್ಮಿಟ್ ಮೇಲೆ ಪ್ರೀತಿ ಬರುತ್ತೆ. ಒಂದೊಂದು ಕೊಂಬೆ ತಾಗಿದಾಗಲೂ ಇರುವೆ, ಕಣಜ ಮೈಮೇಲೆ ಸುರೀತಿದ್ದವು. ಊಟ ಕರಗುತ್ತಿರುವಾಗ ಇದು ಬೇಕಾ ಅಂತ ರೂಸ್ವೆಲ್ಟ್ ಕೇಳಿದರು, ಮುಂದೆ ವೇಗದ ವಿಧಾನಕ್ಕೆ ರೊಂಡೊನ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಆ ನಕ್ಷೆ ಇಲ್ಲದಿದ್ದರೆ ಇಡೀ ಪ್ರವಾಸಕ್ಕೆ ಅರ್ಥವೇ ಇರ್ತಿರಲಿಲ್ಲ ಅನ್ನೋದೂ ನಿಜ, ಹಸಿದವನಿಗೆ ನಕ್ಷೆ ತಿನ್ನೋಕಾಗಲ್ಲ ಅನ್ನೋದೂ ನಿಜ. ಇದರಲ್ಲಿ ನಮ್ಮ ತಂಡ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಮಾರ್ಚ್ 2ಕ್ಕೆ ನೀರಿನ ಸದ್ದು ಬದಲಾಯ್ತು. ನದಿ ಬಂಡೆಗಳ ನಡುವೆ ಕಿರಿದಾಗಿ ಧುಮುಕುತ್ತಿತ್ತು. ಅಂಥ ಕಡೆ ದೋಣಿಯನ್ನು ನೆಲದ ಮೇಲೆ ಎಳೆದು ಮುಂದಕ್ಕೆ ಒಯ್ಯಬೇಕು. ಕಾಡು ಕಡಿದು ದಾರಿ ಮಾಡಿ, ಮರದ ತುಂಡುಗಳನ್ನು ಅಡ್ಡಡ್ಡ ಹಾಸಿ, ಹಗ್ಗ ರಾಟೆ ಕಟ್ಟಿ, ಬರಿಗಾಲಿನ ಆಳುಗಳು ಒಂದೊಂದೇ ದೋಣಿ ಎಳೆದರು. ಮೊದಲನೇ ಸಲ ಎರಡು ದಿನಕ್ಕಿಂತ ಹೆಚ್ಚು ಹಿಡೀತು. ಇಂಥವು ಮುಂದೆ ಎಷ್ಟು ಬಂದವು ಅಂತ ಹೇಳ್ತಾ ಹೋದರೆ ನಿಮಗೂ ಸುಸ್ತಾಗುತ್ತೆ. ಮಾರ್ಚ್ 11ರ ರಾತ್ರಿ ನದಿ ಉಬ್ಬಿ, ಕಟ್ಟಿದ್ದ ಎರಡು ದೋಣಿ ಹಗ್ಗ ಕಿತ್ತುಕೊಂಡು ಹೋದವು. ದೊಡ್ಡ ಮರ ಕಡಿದು ಹೊಸದು ಮಾಡಲು ಮೂರು ನಾಲ್ಕು ದಿನ.

ಮಾರ್ಚ್ 15ರಂದು ಕೆರ್ಮಿಟ್ ದೋಣಿ ಸುಳಿಗೆ ಸಿಕ್ಕಿ ಜಲಪಾತದ ಕಡೆ ಜಾರಿತು. ಒಂದರ ಮೇಲೊಂದು ಇಳಿಜಾರು. ಜೊತೆಗಿದ್ದ ಜೊವಾವ್ ಈಜಿ ಬಂದ. ಕೆರ್ಮಿಟ್ ಬಂಡೆಗೆ ಬಡಿದು, ಉಸಿರು ಹೋಗುವ ಹೊತ್ತಿಗೆ ಒಂದು ಕೊಂಬೆ ಸಿಕ್ಕಿ ದಡ ಹತ್ತಿದ. ಸಿಂಪ್ಲಿಸಿಯೊ ಅನ್ನುವ ಹುಡುಗ ಮೇಲೆ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ. ರೂಸ್ವೆಲ್ಟ್ ದಡದಲ್ಲಿ ನಿಂತು, ಮಗನ ಮದುವೆ ಹುಡುಗಿಗೆ ಏನು ಹೇಳಲಿ ಅಂತ ಯೋಚಿಸಿರಬೇಕು. ಸಿಂಪ್ಲಿಸಿಯೊ ಮನೆಯವರ ಬಗ್ಗೆ ಪುಸ್ತಕಗಳಲ್ಲಿ ಹೆಚ್ಚು ಸಿಗಲ್ಲ, ಅದು ನಮ್ಮನ್ನು ಸ್ವಲ್ಪ ಕಾಡ್ತು.

ಮಾರನೇ ದಿನ ರೊಂಡೊನ್ ನಾಯಿ ಲೋಬೊ ಜೊತೆ ಕಾಡಿನಲ್ಲಿ ಬೇಟೆಗೆ ಹೋಗಿದ್ದರು. ನಾಯಿ ಮುಂದೆ ಓಡಿತು, ಕೂಗಿತು, ಸತ್ತಿತು. ಮೈಯಲ್ಲಿ ಉದ್ದನೆ ಬಾಣ. ಅಲ್ಲಿಯವರೆಗೆ ಹೊರಗಿನವರಿಗೆ ಗೊತ್ತೇ ಇಲ್ಲದ ಜನ ತಮ್ಮನ್ನು ನೋಡ್ತಾ ಇದ್ದಾರೆ ಅಂತ ಆಗ ತಿಳಿಯಿತು. ಸಿಂಟಾ ಲಾರ್ಗಾ ಅಂತ ಈಗ ಕರೆಯುವ ಜನಾಂಗ ಅದು. ರೊಂಡೊನ್ ಕೋವಿ ಎತ್ತಲಿಲ್ಲ. ಆ ಜಾಗಕ್ಕೆ ವಾಪಸ್ ಹೋಗಿ ಕೊಡಲಿ, ಮಣಿ ಇಟ್ಟು ಬಂದರು. ಆ ಜನ ಬೇಕು ಅಂದಿದ್ದರೆ 21 ಜನರಲ್ಲಿ ಒಬ್ಬರೂ ಹೊರಗೆ ಬರ್ತಿರಲಿಲ್ಲ. ಕೊನೆಯವರೆಗೂ ಯಾರ ಮೇಲೂ ದಾಳಿ ಆಗಲಿಲ್ಲ. ಕಾಡಿನಲ್ಲಿ ಸೇಫ್ಟಿ ಅಂದ್ರೆ ನಾವು ಚಾಕು, ಟಾರ್ಚು ಅಂತ ಲಿಸ್ಟ್ ಮಾಡ್ತೀವಿ, ಇಲ್ಲಿ 21 ಜೀವ ಕಾಪಾಡಿದ್ದು ಕೋವಿ ಕೆಳಗೆ ಇಟ್ಟಿದ್ದು.

ಅದೇ ದಿನ ಹಗ್ಗ ಹರಿದು, ಕಷ್ಟಪಟ್ಟು ಮಾಡಿದ್ದ ಹೊಸ ದೋಣಿಯೂ ಮುಳುಗಿತು, ಜೊತೆಗೆ ರಾಟೆಗಳೂ. ಲೆಕ್ಕ ನೋಡಿ: 18 ದಿನ ಕಳೆದಿತ್ತು, ಊಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಗಿದಿತ್ತು, ಬಂದಿದ್ದ ದೂರ 125 ಕಿಲೋಮೀಟರ್. ಇನ್ನೂ ಅದರ ಐದಾರು ಪಟ್ಟು ಇರಬಹುದು ಅಂತ ಅವರ ಅಂದಾಜು. ಇದಾದ ಎರಡು ದಿನಕ್ಕೆ, ಮಾರ್ಚ್ 18ರಂದು, ರೊಂಡೊನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನದಿಗೆ ರಿಯೊ ರೂಸ್ವೆಲ್ಟ್ ಅಂತ ಸರ್ಕಾರದ ಪರವಾಗಿ ಹೆಸರಿಟ್ಟರು. ಹೊಟ್ಟೆ ಹಸಿದ, ಬಟ್ಟೆ ಹರಿದ 21 ಜನ ಕಾಡಿನ ನಡುವೆ ನಿಂತು ಜೈಕಾರ ಹಾಕೋ ದೃಶ್ಯ ಊಹಿಸಿಕೊಂಡರೆ ನಗುನೂ ಬರುತ್ತೆ, ಗೌರವನೂ ಬರುತ್ತೆ.

ಮಳೆಕಾಡು ಅಂದ್ರೆ ಎಲ್ಲಿ ನೋಡಿದರೂ ಹಣ್ಣು, ಪ್ರಾಣಿ ಅಂತ ನಾವು ಅಂದ್ಕೊಂಡಿರ್ತೀವಿ. ಅವರೂ ಹಾಗೇ ಬೇಟೆ, ಮೀನು ನಂಬಿಕೊಂಡು ಬಂದಿದ್ದರು. ಆ ಕಾಡಿನಲ್ಲಿ ಪ್ರಾಣಿಗಳು ಇದ್ದರೂ ಎತ್ತರದ ಮರದಲ್ಲಿ, ಅಡಗಿ, ಚದುರಿ ಇರ್ತಾವೆ. ಕೈಗೆ ಸಿಕ್ಕಿದ್ದು ಅಪರೂಪಕ್ಕೆ ಒಂದು ಕೋತಿ, ಒಂದೆರಡು ಪಿರಾನಾ ಮೀನು, ತಾಳೆಯ ಎಳೆ ತಿರುಳು. ಕೀಟಗಳಿಗೆ ಮಾತ್ರ ಬರ ಇರಲಿಲ್ಲ. ರೂಸ್ವೆಲ್ಟ್ ಪತ್ರಿಕೆಗೆ ಲೇಖನ ಕೊಡುವ ಒಪ್ಪಂದ ಮಾಡಿಕೊಂಡಿದ್ದರಿಂದ ತಲೆಗೆ ಬಲೆ, ಕೈಗೆ ಉದ್ದನೆ ಗ್ಲೌಸ್ ಹಾಕಿಕೊಂಡೇ ದಿನಾ ಬರೀತಿದ್ದರು. ಬಟ್ಟೆಯನ್ನು ಇರುವೆ, ಗೆದ್ದಲು ತಿಂದವು. ಡಾಕ್ಟರ್ ಕಜಜೇರಾ ದಿನವೂ ಎಲ್ಲರಿಗೂ ಕ್ವಿನೈನ್ ಕೊಡುತ್ತಿದ್ದರು, ಆದರೂ ಹೆಚ್ಚಿನವರಿಗೆ ಮಲೇರಿಯಾ ಬಂದೇ ಬಂತು.

ಮಾರ್ಚ್ 27ರಂದು ಎರಡು ದೋಣಿ ಬಂಡೆಗೆ ಸಿಕ್ಕಿಕೊಂಡವು. 55 ವರ್ಷದ ಮಾಜಿ ಅಧ್ಯಕ್ಷರು ಎಲ್ಲರಿಗಿಂತ ಮೊದಲು ಎದೆಮಟ್ಟದ ನೀರಿಗಿಳಿದರು. ಕಾಲು ಜಾರಿ ಬಂಡೆಗೆ ತಾಗಿ ಗಾಯ ಆಯ್ತು. ಮನೆಯಲ್ಲಾದರೆ ವಾರದಲ್ಲಿ ಒಣಗುವ ಗಾಯ. ಅಲ್ಲಿ ಸದಾ ಒದ್ದೆ, ಸದಾ ಕೊಳೆ, ಮೈಯಲ್ಲಿ ಶಕ್ತಿ ಇಲ್ಲ. ಎರಡು ಮೂರು ದಿನದಲ್ಲಿ ಕೀವು, ಅದರ ಮೇಲೆ ಕ್ಯೂಬಾದ ಹಳೇ ಮಲೇರಿಯಾ ಎದ್ದು 40 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ. ಅವರ ಧೈರ್ಯ ಇಲ್ಲಿ ತಂಡಕ್ಕೆ ಅಪಾಯವೇ ಆಯ್ತು ಅಂತ ನಮಗೆ ಅನ್ನಿಸುತ್ತೆ. ಆದರೆ ಯಾರನ್ನೋ ನೀರಿಗಿಳಿಸಿ ತಾವು ದಡದಲ್ಲಿ ಕೂರುವ ಮನುಷ್ಯ ಆಗಿದ್ದರೆ ಆ ಆಳುಗಳು ಅವರನ್ನು ಹೊತ್ತು ತರ್ತಿದ್ದರಾ ಅನ್ನೋದೂ ಯೋಚಿಸಬೇಕು.

ಅದೇ ಸಮಯಕ್ಕೆ ಎದುರಿಗೆ ಆಳವಾದ ಕಮರಿ ಬಂತು. ಎರಡೂ ಕಡೆ ಕಡಿದಾದ ಗೋಡೆ, ನಡುವೆ ಸಾಲು ಜಲಪಾತ. ದೋಣಿ ಬಿಟ್ಟು ಕಾಡಿನಲ್ಲಿ ನಡೆಯೋದೇ ಗತಿ ಅಂತ ರೊಂಡೊನ್ ಕೂಡ ಅಂದರು. ನಡೆಯೋದು ಅಂದ್ರೆ ರೂಸ್ವೆಲ್ಟ್‌ಗೆ ಸಾವು. ಅವರ ಹತ್ತಿರ ಇಂಥ ದಿನಕ್ಕೇ ಅಂತ ಹಿಂದಿನಿಂದಲೂ ಪ್ರಯಾಣದಲ್ಲಿ ಇಟ್ಟುಕೊಳ್ಳುತ್ತಿದ್ದ ಮಾರ್ಫಿನ್ ಸೀಸೆ ಇತ್ತು. ಮಗನನ್ನೂ ಚೆರಿ ಅವರನ್ನೂ ಕರೆದು, ನಾನು ಹೊರೆ ಆಗಲ್ಲ, ನೀವು ಹೋಗಿ ಅಂತ ತಿಳಿಸಿದರು. ಕೆರ್ಮಿಟ್ ಒಪ್ಪಲಿಲ್ಲ. ತಾನು ಸತ್ತರೆ ಇವನು ಹೆಣವನ್ನಾದರೂ ಹೊತ್ತುಕೊಂಡೇ ಹೊರಡ್ತಾನೆ, ಹೆಣ ಹೊರೋದು ಬದುಕಿರುವವನನ್ನು ಸಾಗಿಸೋದಕ್ಕಿಂತ ಕಷ್ಟ ಅಂತ ಅಪ್ಪನಿಗೆ ಅರ್ಥವಾಯ್ತು. ಅದಕ್ಕೇ ಬದುಕೋಣ ಅಂತ ನಿರ್ಧಾರ ಮಾಡಿದರಂತೆ. ಎಂಥಾ ಲೆಕ್ಕ!

ಕೆರ್ಮಿಟ್ ಸೇತುವೆ ಕೆಲಸದಲ್ಲಿ ಹಗ್ಗ ಬಳಸಿ ಭಾರ ಇಳಿಸೋದು ಕಲಿತಿದ್ದ. ಅವನೂ ಲೀರಾನೂ ಸೇರಿ ಕಮರಿಯ ಗೋಡೆಗೆ ಅಂಟಿಕೊಂಡು, ಖಾಲಿ ದೋಣಿಗಳನ್ನು ಹಗ್ಗದಲ್ಲಿ ಜಲಪಾತದಿಂದ ಜಲಪಾತಕ್ಕೆ ಇಳಿಬಿಟ್ಟರು. ಸುಮಾರು ನಾಲ್ಕು ದಿನ. ಒಂದು ದೋಣಿ ಹೋಯ್ತು, ಉಳಿದವು ದಾಟಿದವು. ಅವನಿಗೂ ಆಗ ಮಲೇರಿಯಾ ಇತ್ತು.

ಏಪ್ರಿಲ್ 3ರಂದು ಇನ್ನೊಂದು ಕೆಟ್ಟದ್ದು. ಜೂಲಿಯೊ ಅನ್ನುವ ಆಳು ಊಟ ಕದ್ದು ಸಿಕ್ಕಿಬಿದ್ದಿದ್ದ, ಗದರಿದ್ದಕ್ಕೆ ಪೈಶಾವ್ ಅನ್ನುವ ಮೇಸ್ತ್ರಿಯನ್ನು ಗುಂಡಿಟ್ಟು ಕೊಂದು ಕಾಡಿಗೆ ಓಡಿದ. ಮೂರು ದಿನದ ಮೇಲೆ ದಡದಲ್ಲಿ ನಿಂತು ಕರ್ಕೊಂಡು ಹೋಗಿ ಅಂತ ಬೇಡಿಕೊಂಡ. ಆಗ ದೋಣಿ ನಿಲ್ಲಲಿಲ್ಲ. ಆಮೇಲೆ ಹುಡುಕಲು ಜನ ಕಳಿಸಿದಾಗ ಅವನು ಸಿಗಲಿಲ್ಲ. ಅವನ ಕಥೆ ಅಲ್ಲಿಗೇ ನಿಲ್ಲುತ್ತೆ.

ಏಪ್ರಿಲ್ 15ರಂದು ರಬ್ಬರ್ ಹಾಲು ತೆಗೆಯುವವರ ಗುಡಿಸಲು ಕಂಡಿತು. ಆ ದಿಕ್ಕಿನಿಂದ ಮನುಷ್ಯರು ಬರೋದನ್ನೇ ನೋಡದಿದ್ದ ಅವರು ಮೊದಲು ಹೆದರಿ ಓಡಿದರು, ಆಮೇಲೆ ಅಕ್ಕಿ, ಹಿಟ್ಟು ಕೊಟ್ಟರು. ಆ ದಿನಗಳಲ್ಲೇ ಕಜಜೇರಾ ನದಿಯ ದಡದಲ್ಲಿ, ಅರಿವಳಿಕೆ ಇಲ್ಲದೆ, ರೂಸ್ವೆಲ್ಟ್ ಕಾಲಿನ ಕೀವು ಕೊಯ್ದು ತೆಗೆದರು. ರೂಸ್ವೆಲ್ಟ್ ತಮ್ಮ ಪಾಲಿನ ಊಟವನ್ನು ಕದ್ದುಮುಚ್ಚಿ ಕೆಲಸ ಮಾಡುವವರಿಗೆ ಕೊಡ್ತಿದ್ದದ್ದು ಗೊತ್ತಾಗಿ ಅವರ ಮೇಲೆ ಕಣ್ಣಿಡಬೇಕಾಗಿತ್ತು. ಏಪ್ರಿಲ್ 26ರಂದು ಅರಿಪುವಾನಾ ನದಿ ಸೇರುವ ಕಡೆ ಟೆಂಟ್, ಬಾವುಟ ಕಂಡವು. ಹೊರಡುವ ಮುಂಚೆಯೇ ರೊಂಡೊನ್ ಅಂದಾಜು ಮಾಡಿ, ನದಿ ಇಲ್ಲೇ ಬಂದು ಸೇರಬಹುದು ಅಂತ ಒಬ್ಬ ಲೆಫ್ಟಿನೆಂಟನನ್ನು ಊಟದ ಸಮೇತ ಅಲ್ಲಿ ಕಾಯಲು ಕಳಿಸಿದ್ದರು. ಇಡೀ ಪ್ರವಾಸದಲ್ಲಿ ನಮಗೆ ಅತಿ ಹೆಚ್ಚು ಇಷ್ಟವಾದ ಪ್ಲಾನಿಂಗ್ ಇದು. ಹೊರಟ 22ರಲ್ಲಿ ಬಂದವರು 19.

ರೂಸ್ವೆಲ್ಟ್ ಸುಮಾರು 25 ಕೆಜಿ ಇಳಿದಿದ್ದರು. ಮೇ 19ರಂದು ನ್ಯೂಯಾರ್ಕ್ ಮುಟ್ಟಿದಾಗ ಕೋಲೂರಿಕೊಂಡು ಹಡಗಿಂದ ಇಳಿದರು. ಅಂಥ ನದಿಯೇ ಇಲ್ಲ ಅಂತ ಕೆಲವು ಭೂಗೋಳದ ಪಂಡಿತರು ಅಂದರು. ಅವರು ವಾಷಿಂಗ್ಟನ್‌ನಲ್ಲಿ, ಲಂಡನ್‌ನಲ್ಲಿ ಉಪನ್ಯಾಸ ಕೊಟ್ಟು ಉತ್ತರ ಹೇಳಿದರು. ಮೈ ಮಾತ್ರ ಹಳೇ ಸ್ಥಿತಿಗೆ ಬರಲೇ ಇಲ್ಲ. ಜ್ವರ ಬಿಟ್ಟು ಬಿಟ್ಟು ಬಂತು, 1919ರ ಜನವರಿ 6ರಂದು 60ನೇ ವಯಸ್ಸಿಗೆ ನಿದ್ದೆಯಲ್ಲೇ ತೀರಿಕೊಂಡರು. 1927ರಲ್ಲಿ ಜಾರ್ಜ್ ಡಯಟ್ ಅನ್ನುವ ಅನ್ವೇಷಕ ಅದೇ ನದಿಯಲ್ಲಿ ಇಳಿದು ಬಂದು, ರೂಸ್ವೆಲ್ಟ್ ಹೇಳಿದ್ದು ಸರಿ ಅಂತ ಖಚಿತ ಮಾಡಿದರು. ರೊಂಡೊನ್ ಮತ್ತೆ ತಮ್ಮ ಟೆಲಿಗ್ರಾಫ್ ತಂತಿಗೆ, ಆದಿವಾಸಿಗಳ ಕೆಲಸಕ್ಕೆ ವಾಪಸ್ ಹೋದರು. 92 ವರ್ಷ ಬದುಕಿ 1958ರಲ್ಲಿ ತೀರಿಕೊಂಡರು. ಆ ನದಿ ಹುಟ್ಟುವ ರಾಜ್ಯದ ಹೆಸರು ಈಗ ರೊಂಡೋನಿಯಾ.